ವೆಗೋವಿನಾ, ಮೌಂಜಾರೋನಾ? ಯಾವುದರಲ್ಲಿ ವಾಂತಿ ಕಡಿಮೆ?

ಹನ್ನೊಂದು ತಿಂಗಳಿಂದ ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ಚುಚ್ಚಿಕೊಳ್ಳುತ್ತಿದ್ದೇನೆ. 14 ಕೆಜಿ ಇಳಿದಿದೆ. ಲಿಫ್ಟಿನಲ್ಲಿ, ಮದುವೆ ಮನೆಯಲ್ಲಿ ಸಿಕ್ಕವರು ಮೊದಲು ಎಷ್ಟು ಇಳೀತು ಅಂತ ಕೇಳುತ್ತಾರೆ. ಆಮೇಲೆ ದನಿ ತಗ್ಗಿಸಿ ಮೇಲಿನ ಪ್ರಶ್ನೆ. ನಾನು ಡಾಕ್ಟರ್ ಅಲ್ಲ. ಆದರೆ ಮೊದಲು ವೆಗೋವಿ, ಆಮೇಲೆ ಡಾಕ್ಟರ್ ಹೇಳಿದ ಮೇಲೆ ಮೌಂಜಾರೋ, ಹೀಗೆ ಎರಡರ ರುಚಿಯೂ ನೋಡಿದ್ದೇನೆ.

ವೆಗೋವಿಯಲ್ಲಿರುವುದು ಸೆಮಾಗ್ಲುಟೈಡ್, ಮೌಂಜಾರೋದಲ್ಲಿರುವುದು ಟಿರ್ಜೆಪಟೈಡ್. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇವೆರಡನ್ನೂ ನೇರವಾಗಿ ಹೋಲಿಸಿದ್ದರು. 72 ವಾರದಲ್ಲಿ ಟಿರ್ಜೆಪಟೈಡ್ ತೆಗೆದುಕೊಂಡವರ ತೂಕ ಸರಾಸರಿ ಶೇ. 20ರಷ್ಟು ಇಳಿಯಿತು, ಸೆಮಾಗ್ಲುಟೈಡ್‌ನವರದ್ದು ಶೇ. 14ರ ಹತ್ತಿರ. ಹೊಟ್ಟೆ ತೊಳೆಸಿದವರು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಜನ. ಹೊಟ್ಟೆಯ ತೊಂದರೆ ತಡೆಯಲಾರದೆ ಔಷಧ ಬಿಟ್ಟವರು ಟಿರ್ಜೆಪಟೈಡ್‌ನಲ್ಲಿ ಕಡಿಮೆ. ನನ್ನ ಅನುಭವವೂ ಅದೇ: ಹೆಸರಿಗಿಂತ ಜಾಸ್ತಿ ಲೆಕ್ಕಕ್ಕೆ ಬರುವುದು ಡೋಸ್ ಏರಿಸುವ ವೇಗ, ಮತ್ತೆ ನಮ್ಮ ತಟ್ಟೆ.

ಇದು ನನಗೆ ತಿಳಿದದ್ದು ಒಂದು ಗೃಹಪ್ರವೇಶದ ದಿನ. ವೆಗೋವಿ 0.5ರಿಂದ 1 ಮಿಲಿಗ್ರಾಂಗೆ ಏರಿಸಿ ಎರಡು ದಿನ ಆಗಿತ್ತು. ಬಾಳೆಲೆ ಮುಂದೆ ಕೂತಾಗ ಹಸಿವೇ ಇರಲಿಲ್ಲ. ಆದರೂ ಚಿಕ್ಕಮ್ಮ ಬಿಡಬೇಕಲ್ಲ! ತುಪ್ಪ ಸುರಿದ ಎರಡು ಹೋಳಿಗೆ ಒಳಗೆ ಹೋಯಿತು. ಮಧ್ಯಾಹ್ನ ಒಂದೂವರೆಗೆ ತಿಂದದ್ದು ರಾತ್ರಿ ಹತ್ತಕ್ಕೆ ಹೊರಗೆ ಬಂತು. ಹೂರಣ ಹೂರಣವಾಗಿಯೇ ಇತ್ತು. ಈ ಔಷಧ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ ಅಂತ ಓದಿದ್ದೆ. ಅವತ್ತು ಕಣ್ಣಾರೆ ಕಂಡೆ.

ಈಗ ಇಂಜೆಕ್ಷನ್ ಶುಕ್ರವಾರ ರಾತ್ರಿ. ಶನಿವಾರ, ಭಾನುವಾರ ಸುಸ್ತಾದರೂ ಮನೆಯಲ್ಲೇ ಇರುತ್ತೇನೆ. ಆ ಎರಡು ದಿನ ಕರಿದದ್ದು, ತುಪ್ಪ ಇಲ್ಲ. ಮೊದಲ ತೇಗು ಬಂತೋ, ಕೈ ತೊಳೆಯುತ್ತೇನೆ. ಊಟ ಮಾಡಿದ ಕೂಡಲೇ ಮಲಗುವುದಿಲ್ಲ. ನಾಲ್ಕು ವಾರಕ್ಕೊಮ್ಮೆ ಡೋಸ್ ಏರಿಸಲೇಬೇಕು ಅಂತ ಶಾಸ್ತ್ರವೇನೂ ಇಲ್ಲ. ತಡೆದುಕೊಳ್ಳಲು ಆಗದಿದ್ದರೆ ಅದೇ ಡೋಸ್‌ನಲ್ಲಿ ಇನ್ನೊಂದು ತಿಂಗಳು ಇರಬಹುದು, ಡಾಕ್ಟರನ್ನು ಕೇಳಿ. ನಾನು ಮೌಂಜಾರೋ 5 ಮಿಲಿಗ್ರಾಂನಲ್ಲಿ ಮೂರು ತಿಂಗಳು ನಿಂತಿದ್ದೆ.

ಯಾರೂ ಕೇಳದ ತೊಂದರೆ ಇನ್ನೊಂದಿದೆ. ಮಲಬದ್ಧತೆ. ವಾಂತಿಯ ಕಥೆ ಹೇಳಲು ಯಾರಿಗೂ ಸಂಕೋಚ ಇಲ್ಲ, ಇದನ್ನು ಹೇಳಲು ಮಾತ್ರ ನಾಚಿಕೆ. ನನಗೆ ಒಮ್ಮೆ ಐದು ದಿನ ಆಗಲೇ ಇಲ್ಲ. ಊಟ ಕಡಿಮೆ, ಬಾಯಾರಿಕೆಯೂ ಕಡಿಮೆ, ಇನ್ನೇನಾಗುತ್ತೆ? ಈಗ ಎರಡು ಬಾಟಲಿ ನೀರು ತುಂಬಿ ಮೇಜಿನ ಮೇಲೆ ಇಡುತ್ತೇನೆ. ರಾತ್ರಿ ಒಂದು ಚಮಚ ಇಸಬ್‌ಗೋಲ್, ಅದಕ್ಕೂ ದೊಡ್ಡ ಲೋಟದ ತುಂಬ ನೀರು.

ಇನ್ನು ನಮ್ಮ ಅನ್ನ ಸಾರಿನ ಸಮಸ್ಯೆ. ಹಿಡಿಸುವುದೇ ನಾಲ್ಕು ತುತ್ತು, ಅದೂ ಅನ್ನ ಸಾರಿಗೇ ಹೋದರೆ ಪ್ರೋಟೀನ್ ಸಾಲದೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಹಾಗಾಗಿ ಮೊದಲು ಮೊಟ್ಟೆ, ಇಲ್ಲವೇ ಹೆಸರುಬೇಳೆ ಕೋಸಂಬರಿ, ಮೊಸರು. ಜಾಗ ಉಳಿದರೆ ಅನ್ನ.

ಕೆಲವು ವಿಷಯದಲ್ಲಿ ಮನೆಮದ್ದು ಬೇಡ. ಮೇಲ್ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹರಡುವ, ಬಿಡದ ನೋವು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. ಅದು ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು, ಪಿತ್ತಕೋಶದ ಕಲ್ಲೂ ಇರಬಹುದು. ಸುಮ್ನೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಶುಗರ್ ತೀರಾ ಇಳಿಯಬಹುದು, ಆ ಔಷಧದ ಡೋಸ್ ಬಗ್ಗೆ ಮೊದಲೇ ಮಾತಾಡಿ. ಗರ್ಭನಿರೋಧಕ ಮಾತ್ರೆ ನುಂಗುವವರಿಗೆ ಮೌಂಜಾರೋ ಶುರುಮಾಡಿದಾಗ ಮತ್ತು ಡೋಸ್ ಏರಿಸಿದಾಗಲೆಲ್ಲ ನಾಲ್ಕು ವಾರ ಬೇರೆ ರಕ್ಷಣೆಯೂ ಬೇಕು. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವವರಿಗೆ ಇಂಜೆಕ್ಷನ್ ವಿಷಯ ಹೇಳಲೇಬೇಕು.

ಮೊನ್ನೆ ನಾದಿನಿ ಫ್ರಿಜ್ ತೆಗೆದು, "ಅತ್ತಿಗೆ, ಇದರಲ್ಲಿ ಇನ್ನೂ ಎರಡು ಡೋಸ್ ಇದೆ ಅಲ್ವಾ? ಒಂದು ನಾನು ಹಾಕಿಕೊಂಡು ನೋಡ್ಲಾ?" ಅಂದಳು. ಸೂಜಿ ಬದಲಿಸಿದರೂ ಒಬ್ಬರ ಇಂಜೆಕ್ಷನ್ ಪೆನ್ ಇನ್ನೊಬ್ಬರು ಬಳಸಬಾರದು. ಸೋಂಕು ತಗಲಬಹುದು. ಅದಿರಲಿ, ಅವಳು ಶುರುಮಾಡುವುದಾದರೆ 2.5 ಮಿಲಿಗ್ರಾಂನಿಂದ, ನನ್ನ ಪೆನ್ 7.5ರದ್ದು. ಹೋಳಿಗೆ ಕಥೆ ಇನ್ನೊಂದು ಸಲ ಪೂರ್ತಿ ಹೇಳಿ, ಡಾಕ್ಟರ ನಂಬರ್ ಕೊಟ್ಟು ಕಳಿಸಿದೆ.