ಪಂಚನಾಗಿ ಕಟಕಟೆ ಹತ್ತಿದ ದಿನ

ಕೋರ್ಟಿನ ಸಮನ್ಸ್ ಕೈಗೆ ಬಂದಾಗ ಹೆಂಡತಿ, “ನಿಮಗ್ಯಾಕ್ರೀ ಬೇಕಿತ್ತು ಊರ ಉಸಾಬರಿ?” ಎಂದಳು. ಮಗ, “ಅಪ್ಪಾ, ಜ್ಯೂರಿ ಥರಾನಾ?” ಎಂದು ಕೇಳಿದ.

ಜನಸಾಮಾನ್ಯರೇ ಕೂತು ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಜ್ಯೂರಿ ನಮ್ಮಲ್ಲಿ ಈಗಿಲ್ಲ. ಕೊಲೆ ಆರೋಪ ಹೊತ್ತ ನೌಕಾಪಡೆ ಅಧಿಕಾರಿ ನಾನಾವತಿಯ 1959ರ ಪ್ರಕರಣದಲ್ಲಿ ಬಾಂಬೆಯ ಜ್ಯೂರಿ 8–1ರಲ್ಲಿ ‘ತಪ್ಪಿತಸ್ಥನಲ್ಲ’ ಎಂದಿತು. ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ನಮ್ಮಂಥವರಿಗೆ ಉಳಿದಿರುವುದು ಸಾಕ್ಷಿಯ ಕೆಲಸ. ನಾನು ಮಹಜರಿನ ಪಂಚ, ಅಂದರೆ ಪೊಲೀಸರು ಮಾಲು ಜಪ್ತಿ ಮಾಡಿ ದಾಖಲೆ ಬರೆಯುವಾಗ ಜೊತೆಗಿದ್ದು ಸಹಿ ಮಾಡುವ ಹೊರಗಿನ ಸಾಕ್ಷಿ.

ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗುಜರಿ ಅಂಗಡಿ. ಪೊಲೀಸರ ಜೊತೆ ಬಂದಿದ್ದ ಹುಡುಗನೊಬ್ಬ ಅಂಗಡಿಯ ಹಿಂಭಾಗದ ಗೋಣಿಚೀಲಗಳನ್ನು ತೋರಿಸಿದ. ಒಳಗಿದ್ದದ್ದು ಯಾರದೋ ದೇವರಮನೆಯ ಹಿತ್ತಾಳೆ ದೀಪಗಳು. ಅವನ್ನು ಬಟ್ಟೆಯಲ್ಲಿ ಕಟ್ಟಿ ಅರಗಿನ ಸೀಲು ಹಾಕಿದರು. ಚೀಟಿಯ ಮೇಲೆ ನಾನೂ ಇನ್ನೊಬ್ಬರೂ ಸಹಿ ಮಾಡಿದೆವು. ಆಗ ಹಳೇ ಕಾನೂನು. 2024ರ ಜುಲೈ 1ರಿಂದ ಅದರ ಬದಲು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಇಂಥ ಜಪ್ತಿಯನ್ನು ವಿಡಿಯೊ ಮಾಡಲೇಬೇಕು.

ಕೃಷ್ಣರಾಜ ಬುಲೆವಾರ್ಡ್‌ನ ಕೋರ್ಟಿನಲ್ಲಿ ಬೆಳಿಗ್ಗೆಯಿಂದ ಕಾದೆ. ಹೆಸರು ಕೂಗಿದರು. ದೇವರ ಹೆಸರಲ್ಲಿ ಪ್ರಮಾಣ ಮಾಡುವಾಗ ಗಂಟಲು ಒಣಗಿತ್ತು. ಮುದ್ದೆಮಾಲು, ಅಂದರೆ ಅಂದು ಜಪ್ತಿ ಮಾಡಿದ ಆ ಗಂಟು, ಬಿಚ್ಚಿದರು. ಚೀಟಿಯಲ್ಲಿದ್ದ ನನ್ನ ಸಹಿ ಗುರುತಿಸಿದೆ. ಹುಡುಗನನ್ನೂ ಗುರುತಿಸಿದೆ. ಅವನು ತಲೆ ಎತ್ತಲಿಲ್ಲ. ಹೊರಗೆ ಬಾಗಿಲ ಬಳಿ ನಿಂತಿದ್ದವರು ಅವನ ತಾಯಿ ಇರಬೇಕು, ಅವರ ಕಣ್ಣು ನನ್ನ ಮೇಲೇ ಇತ್ತು. ಕರುಳು ಚುರ್ ಎಂದಿತು.

ಆಮೇಲೆ ಹುಡುಗನ ಪರ ವಕೀಲರ ಪಾಟೀಸವಾಲು.

“ನೀವು ಸ್ಥಳಕ್ಕೇ ಹೋಗಿಲ್ಲ, ಠಾಣೆಯಲ್ಲಿ ಕೂತು ಸಹಿ ಹಾಕಿದ್ದೀರಿ ಎಂದರೆ ಸರಿಯೇ?”

“ಸರಿಯಲ್ಲ.”

“ಅವನು ಕದ್ದದ್ದನ್ನು ನೋಡಿದಿರಾ?”

“ಇಲ್ಲ ಸಾರ್, ತೋರಿಸಿಕೊಟ್ಟದ್ದನ್ನು ನೋಡಿದೆ.”

ಮಹಜರು ಬರೆದವರು ಯಾರು ಎಂದದ್ದಕ್ಕೆ ನೆನಪಿಲ್ಲ ಎಂದೆ. ನಿಜವಾಗಿ ನೆನಪಿರಲಿಲ್ಲ. ಗೊತ್ತಿಲ್ಲದ್ದನ್ನು ಸುಮ್ನೆ ಸೇರಿಸಿದರೆ ಆ ಹುಡುಗನಿಗೆ ಅನ್ಯಾಯ. ಗೊತ್ತಿದ್ದದ್ದನ್ನು ನುಂಗಿದರೆ ದೀಪ ಕಳೆದುಕೊಂಡ ಮನೆಯವರಿಗೆ ಅನ್ಯಾಯ. ಅವನು ತಪ್ಪು ಮಾಡಿದನೋ ಇಲ್ಲವೋ ಎಂದು ಹೇಳುವ ಭಾರ ನನ್ನದಲ್ಲ ಎಂಬುದೇ ಅಲ್ಲಿ ನನಗೆ ಧೈರ್ಯ ಕೊಟ್ಟಿತು.

ನನ್ನ ನಂತರ ಹತ್ತಿದ ಇನ್ನೊಬ್ಬ ಪಂಚರು, “ಸಹಿ ನನ್ನದೇ, ಅಲ್ಲಿ ಏನು ನಡೆಯಿತೋ ಗೊತ್ತಿಲ್ಲ” ಎಂದುಬಿಟ್ಟರು. ಸರ್ಕಾರಿ ವಕೀಲರು ಅವರನ್ನು ಪ್ರತಿಕೂಲ ಸಾಕ್ಷಿ, ಅಂದರೆ ಕರೆಸಿದವರಿಗೇ ತಿರುಗಿಬಿದ್ದ ಸಾಕ್ಷಿ, ಎಂದು ಪರಿಗಣಿಸಲು ಕೇಳಿಕೊಂಡರು. ಮೆಟ್ಟಿಲ ಬಳಿ ಸಿಕ್ಕಿದಾಗ ಕೇಳಿಯೇಬಿಟ್ಟೆ. “ನನ್ನ ಪಕ್ಕದಲ್ಲೇ ನಿಂತಿದ್ರಲ್ಲ ಸಾರ್?”

“ಯಾಕೆ ಬಿಡಿ ಸಾರ್, ಕೋರ್ಟಿಗೆ ಅಲೆಯೋರ್ಯಾರು?” ಎಂದರು.

ನನಗೆ ಸಿಟ್ಟು ಬಂತು, ಈಗಲೂ ಇದೆ. ಒಂದು ದಿನದ ಅಂಗಡಿ ವ್ಯಾಪಾರ ನನಗೂ ಹೋಗಿತ್ತು. ಅವರು ಹಾಗೆಂದ ಮೇಲೆ ಆ ಜಪ್ತಿಗೆ ಹೊರಗಿನವನೆಂದು ಉಳಿದದ್ದು ನಾನೊಬ್ಬನೇ.

ತನಿಖಾಧಿಕಾರಿಯ ಸಾಕ್ಷ್ಯ ಇನ್ನೂ ಆಗಬೇಕಂತೆ. ಕೇಸಿನ ಗುರುತಿನ ಸಂಖ್ಯೆಯಾದ ಸಿಎನ್‌ಆರ್ ನಂಬರ್ ಬರೆದುಕೊಂಡು ಬಂದಿದ್ದೇನೆ. ಮಗ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿ, ಮುಂದಿನ ತಾರೀಖು ತೋರಿಸಿದ.