ಪರದೆ ಹಿಂದಿನ ಕೆಲಸ ಯಾರಿಗೆ ಕೊಡಬೇಕು?

ಹೈಸ್ಕೂಲು ಮಕ್ಕಳಿಗೆ ನಾಟಕ ಮಾಡಿಸುವುದು ನನ್ನ ಕೆಲಸ. ಪಾಲಕರ ಸಭೆಯಲ್ಲಿ ತಪ್ಪದೆ ಬರುವ ಪ್ರಶ್ನೆ ಒಂದಿದೆ: "ಮೇಡಂ, ಇದರಿಂದ ಮಾರ್ಕ್ಸ್ ಜಾಸ್ತಿ ಆಗುತ್ತಾ?"

ಹೌದು ಅಂದುಬಿಟ್ಟರೆ ನನ್ನ ಕೆಲಸ ಸಲೀಸು. ಆದರೂ ಹಾಗೆ ಹೇಳುವುದಿಲ್ಲ. ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್ಲೆಂಡ್ ಎಂಬ ಇಬ್ಬರು ಸಂಶೋಧಕರು 2000ದಲ್ಲಿ ಆವರೆಗಿನ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ್ದರು. ಕಲೆಯಲ್ಲಿ ತೊಡಗಿದ ಮಕ್ಕಳ ಅಂಕ ಚೆನ್ನಾಗಿರುತ್ತದೆ, ನಿಜ. ಆದರೆ ಕಲೆಯಿಂದಲೇ ಅಂಕ ಏರಿತು ಎನ್ನಲು ಗಟ್ಟಿ ಆಧಾರ ಹೆಚ್ಚೇನೂ ಸಿಗಲಿಲ್ಲ. ಚೆನ್ನಾಗಿ ಓದುವ ಮಕ್ಕಳೇ ಇದಕ್ಕೂ ಸೇರಿರಬಹುದು, ಅಲ್ವಾ? ತರಗತಿಯಲ್ಲಿ ನಾಟಕ ಆಡಿಸಿದರೆ ಭಾಷೆ ಸುಧಾರಿಸುತ್ತದೆ ಎನ್ನುವುದಕ್ಕಂತೂ ಒಳ್ಳೆಯ ಆಧಾರ ಇತ್ತು.

ಹಾಗಾದರೆ ಬದಲಾಗುವುದು ಏನು? ನಾನು ನೋಡಿದ ಮಟ್ಟಿಗೆ, ಶಾಲೆಯಲ್ಲಿ ತನಗೊಂದು ಜಾಗ ಇದೆ ಅನ್ನಿಸುವುದು.

ಒಂಬತ್ತನೇ ತರಗತಿಯ ಒಬ್ಬ ಹುಡುಗ ಲೈಟಿಂಗ್ ನೋಡಿಕೊಳ್ಳುತ್ತೇನೆ ಅಂತ ಬಂದ. ತರಗತಿಯಲ್ಲಿ ಬಾಯಿ ಬಿಡದವನು. ನಾಟಕದಲ್ಲಿ ಒಂದು ಕಡೆ ಹುಡುಗಿಯ ಕೊನೇ ಮಾತು ಮುಗಿಯುತ್ತಿದ್ದಂತೆ ಬೆಳಕು ಇಳಿಯಬೇಕು. ಮಾತು ಮುಗಿದ ಮೇಲೆ ಫೇಡರ್ (ಬೆಳಕು ಏರಿಸಿ ಇಳಿಸುವ ಹಿಡಿ) ಮುಟ್ಟಿದರೆ ತಡವಾಗುತ್ತಿತ್ತು. ಕೊನೇ ಸಾಲಿಗೆ ಮುಂಚೆ ಅವಳು ಉಸಿರು ಎಳೆದುಕೊಳ್ಳುತ್ತಾಳೆ ಅನ್ನುವುದನ್ನು ಅವನೇ ಪತ್ತೆಹಚ್ಚಿದ. ಸ್ಕ್ರಿಪ್ಟಿನ ಅಂಚಿನಲ್ಲಿ ಪೆನ್ಸಿಲಿನಿಂದ "ಉಸಿರು" ಅಂತ ಬರೆದುಕೊಂಡು, ಅಲ್ಲಿಂದಲೇ ಬೆರಳು ಇಳಿಸಲು ಶುರುಮಾಡಿದ. ಒಂದು ದಿನ ಅವಳು ಆ ಸಾಲನ್ನು ಅವಸರದಲ್ಲಿ ಹೇಳಿದಾಗ ರಿಹರ್ಸಲ್ ನಿಲ್ಲಿಸಿ, "ಇನ್ನೊಂದ್ಸಲ ಹೇಳು, ನನಗೆ ಟೈಮ್ ಸಿಗಲಿಲ್ಲ" ಅಂದ. ಅವಳು ಮರುಮಾತಿಲ್ಲದೆ ಮತ್ತೆ ಹೇಳಿದಳು. ಶಾಲೆಯಲ್ಲಿ ಅವನ ಮಾತಿಗೆ ಯಾರಾದರೂ ಕಾದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವನ ಗಣಿತದ ಅಂಕ ಇದ್ದಲ್ಲೇ ಇತ್ತು. ಗೈರುಹಾಜರಿ ಕಡಿಮೆಯಾಯಿತು. ಆಮೇಲೆ ಒಂದು ದಿನ ಬಂದು, "ಈ ಕೆಲಸಕ್ಕೆ ಏನು ಓದಬೇಕು?" ಅಂತ ಕೇಳಿದ. ಲೈಟಿಂಗ್ ಡಿಸೈನ್, ಎಲೆಕ್ಟ್ರಿಕಲ್, ಸೌಂಡ್ ಅಂತ ನನಗೆ ಗೊತ್ತಿದ್ದಷ್ಟು ಹೇಳಿದೆ. ಮುಂದೆ ಅವನು ಇದೇ ದಾರಿ ಹಿಡಿಯಬೇಕು ಅಂತೇನಿಲ್ಲ. ಮುಂದಿನದರ ಬಗ್ಗೆ ತಾನಾಗಿ ಕೇಳಿದ, ನನಗೆ ಅಷ್ಟು ಸಾಕಾಗಿತ್ತು.

ಸುಮ್ನೆ ಒಬ್ಬ ಹುಡುಗನ ಕಥೆ ಹಿಡಿದುಕೊಂಡು ಮಾತಾಡುತ್ತಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ 42 ಶಾಲೆಗಳನ್ನು ಲಾಟರಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಲಾ ಚಟುವಟಿಕೆ ಹೆಚ್ಚಿಸಿದರು. ಮೂರರಿಂದ ಎಂಟನೇ ತರಗತಿಯ 10,000ಕ್ಕೂ ಹೆಚ್ಚು ಮಕ್ಕಳು. 2019ರಲ್ಲಿ ಬಂದ ವರದಿಯ ಪ್ರಕಾರ ಶಿಸ್ತಿನ ದೂರು ಇರುವ ಮಕ್ಕಳ ಪ್ರಮಾಣ 3.6 ಶೇಕಡಾಂಶ ಇಳಿಯಿತು, ಬರವಣಿಗೆ ಸುಧಾರಿಸಿತು, ಬೇರೆಯವರ ಬಗ್ಗೆ ಕಾಳಜಿ ಹೆಚ್ಚಿತು. ಲಾಟರಿ ಎತ್ತಿದ್ದರಿಂದ 'ಜಾಣ ಮಕ್ಕಳೇ ಸೇರಿದ್ದರು' ಅನ್ನುವ ಮಾತಿಗೆ ಇಲ್ಲಿ ಜಾಗ ಇಲ್ಲ.

ಆದ್ದರಿಂದ ನಾನು ಪಾತ್ರ ಹಂಚುವ ಮೊದಲೇ ಪರದೆ ಹಿಂದಿನ ಕೆಲಸಗಳ ಪಟ್ಟಿ ಗೋಡೆಗೆ ಅಂಟಿಸುತ್ತೇನೆ. ಪಾತ್ರ ಸಿಗದವರಿಗೆ ಉಳಿದದ್ದು ಅಂತ ಆಗಬಾರದು. ಪ್ರತಿ ಕೆಲಸಕ್ಕೂ ಒಬ್ಬ ಮಗು ಹೊಣೆ. ಪ್ರದರ್ಶನದ ದಿನ ನಾನು ಕೈ ಹಾಕುವುದಿಲ್ಲ. ಇದು ಮ್ಯಾನೇಜ್‌ಮೆಂಟಿಗೆ ಅಷ್ಟಾಗಿ ಹಿಡಿಸುವುದಿಲ್ಲ. ವಾರ್ಷಿಕೋತ್ಸವ ಅಂದರೆ ಅವರಿಗೆ ಚೆನ್ನಾಗಿ ಕುಣಿಯುವ ಅದೇ ನಾಲ್ಕು ಮಕ್ಕಳು ಮುಂದೆ ಇರಬೇಕು, ಎಲ್ಲೂ ಎಡವಬಾರದು.

ಇನ್ನೊಂದು ವಿಷಯಕ್ಕೆ ಪ್ರತಿ ವರ್ಷ ಜಗಳ ಆಡುತ್ತೇನೆ. ಟೆಸ್ಟಿನಲ್ಲಿ ಅಂಕ ಕಡಿಮೆ ಬಂತು ಅಂತ ಮಗುವನ್ನು ನಾಟಕದಿಂದ ತೆಗೆಯುವುದು. ಶಾಲೆಗೆ ಬರಲು ಅವನಿಗಿರುವ ಒಂದೇ ಕಾರಣ ಅದೇ ಆಗಿರಬಹುದು. ಕ್ಲಾಸ್ ಟೀಚರ್ ಜೊತೆ ಕೂತು ರಿಹರ್ಸಲ್ ಸಮಯ ಕಡಿಮೆ ಮಾಡುತ್ತೇನೆ, ಓದಲು ಬಿಡುವು ಕೊಡುತ್ತೇನೆ. ಹೆಸರು ಮಾತ್ರ ಪಟ್ಟಿಯಿಂದ ತೆಗೆಯುವುದಿಲ್ಲ.