ಓಕುಳಿಗೆ ಮೊದಲಿನ ಹನಿ

ನಮಗೆ ರಸಾಯನಶಾಸ್ತ್ರ ಕಲಿಸಿದ ಮೇಷ್ಟ್ರು ಕಳೆದ ಮಾಘದಲ್ಲಿ ತೀರಿಕೊಂಡರೆಂಬ ಸುದ್ದಿ ಬಂದ ದಿನ, ಅಟ್ಟದ ಮೇಲಿದ್ದ 1986ರ ಪಿಯುಸಿ ರೆಕಾರ್ಡ್ ಪುಸ್ತಕವನ್ನು ಇಳಿಸಿಕೊಂಡೆ. ಅವರು ಮಾಡಿದ ಪಾಠಗಳಲ್ಲಿ ಒಂದೂ ಈಗ ನೆಟ್ಟಗೆ ನೆನಪಿಲ್ಲ. ನೆನಪಿರುವುದು ಕೋಲಾರದ ಆ ಹಳೆಯ ಪ್ರಯೋಗಾಲಯದಲ್ಲಿ, ಅಂತರಗಂಗೆ ಬೆಟ್ಟ ಕಾಣುವ ಕಿಟಕಿಯ ಪಕ್ಕ, ದ್ರಾವಣವನ್ನು ಹನಿಹನಿಯಾಗಿ ಬಿಡುವ ಅಳತೆಗೊಳವೆ ಬ್ಯೂರೆಟ್ಟಿನ ತಿರುಪಿನ ಮೇಲಿರುತ್ತಿದ್ದ ಅವರ ಎಡಗೈ ಬೆರಳುಗಳು.

ಆಮ್ಲ ತೀರಲು ಎಷ್ಟು ಕ್ಷಾರ ಬೇಕೆಂದು ಹನಿಹನಿಯಾಗಿ ಬಿಟ್ಟು ಅಳೆಯುವ ಅನುಮಾಪನದಲ್ಲಿ, ಆಕ್ಸಾಲಿಕ್ ಆಮ್ಲಕ್ಕೆ ಎರಡೇ ಹನಿ ಫಿನಾಫ್ಥಲೀನ್, ಎಂದರೆ ಬಣ್ಣ ತಿರುಗಿ ಆಮ್ಲ ತೀರಿದ್ದನ್ನು ತೋರಿಸುವ ಸೂಚಕ, ಹಾಕಬೇಕೆಂಬುದು ಅವರ ಕಟ್ಟಪ್ಪಣೆ. ಸೂಚಕವೂ ಒಂದು ದುರ್ಬಲ ಆಮ್ಲವೇ ಆದ್ದರಿಂದ ಧಾರಾಳವಾಗಿ ಸುರಿದವನ ಲೆಕ್ಕ ಕೆಡುತ್ತದೆ. ಬ್ಯೂರೆಟ್ಟಿನಿಂದ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬಿದ್ದ ಕಡೆ ಗುಲಾಬಿ ಬಣ್ಣ ಮಿಂಚಿ ಮಾಯವಾಗುತ್ತದೆ, ಬರಬರುತ್ತಾ ಮಾಯವಾಗಲು ತಡಮಾಡುತ್ತದೆ, ಕೊನೆಗೆ ಒಂದೇ ಹನಿಗೆ, ಎಂದರೆ ಸುಮಾರು 0.05 ಮಿಲಿಲೀಟರಿಗೆ, ಇಡೀ ಫ್ಲಾಸ್ಕ್ ನಸುಗೆಂಪಾಗಿ ಅರ್ಧ ನಿಮಿಷ ಹಾಗೆಯೇ ನಿಲ್ಲುತ್ತದೆ. ಅಲ್ಲಿಗೆ ತಿರುಪು ಮುಚ್ಚಬೇಕು. ಆಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಬಣ್ಣ ಮಾಸಿದರೆ, ಇನ್ನೂ ಮುಗಿದಿಲ್ಲವೆಂದುಕೊಂಡು ಮತ್ತೆರಡು ಹನಿ ಬಿಡುವ ಹುಡುಗ ಪ್ರತಿ ಬ್ಯಾಚಿನಲ್ಲೂ ಒಬ್ಬನಿರುತ್ತಿದ್ದ. ಕಡುಕೆಂಪು ಕಂಡರೆ ಮೇಷ್ಟ್ರು, “ಓಕುಳಿ ಮಾಡಿಟ್ಟೆಯಲ್ಲೋ, ಚೆಲ್ಲು” ಎನ್ನುತ್ತಿದ್ದರು. ಈ ಪ್ರಯೋಗಕ್ಕೆ ಮಿಥೈಲ್ ಆರೆಂಜ್ ಎಂಬ ಇನ್ನೊಂದು ಸೂಚಕ ಏಕಾಗದೆಂದು ಕೇಳಿದಾಗ, “ಅವನು ತಾಳಿ ಕಟ್ಟುವುದಕ್ಕೆ ಮುಂಚೆಯೇ ಪಂಕ್ತಿಯಲ್ಲಿ ಕೂತುಬಿಡುವವನು” ಎಂದಿದ್ದರು. ಅದರ ಬಣ್ಣ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 3.1ರಿಂದ 4.4ರೊಳಗೇ ಬದಲಾಗಿ ಮುಗಿಯುತ್ತದೆ. ಆಮ್ಲ ಪೂರ್ತಿ ತೀರುವುದು 8ರ ಆಚೆ. ಪುಸ್ತಕದ ವಿವರಣೆ ಮರೆತರೂ ಆ ಪಂಕ್ತಿಯ ಮಾತು ನನಗೆ ಪರೀಕ್ಷೆಯಲ್ಲಿ ಅಂಕ ಕೊಡಿಸಿತು.

ಒಂದು ಶನಿವಾರ ನಾವು ನಾಲ್ವರು ಒಮ್ಮೆ ಮಾತ್ರ ಅನುಮಾಪನ ಮಾಡಿ, ಅದನ್ನೂ ಓಕುಳಿ ಮಾಡಿ, ಪಕ್ಕದ ಮೇಜಿನವರ 10.2 ಎಂಬ ರೀಡಿಂಗನ್ನು ಮೂರು ಸಲ ಬರೆದು ಹರಟೆಗೆ ಕುಳಿತೆವು. ಆ ಯೋಜನೆ ನನ್ನದೇ. ಲೆಕ್ಕದಲ್ಲಿ ನಾನು ಚುರುಕು ಎಂಬ ಹೆಸರಿತ್ತು. ಮೇಷ್ಟ್ರು ಪುಸ್ತಕ ನೋಡಿ ಏನೂ ಅನ್ನಲಿಲ್ಲ. ಪ್ರತಿ ಸಾಲಿಗೂ ಬೇರೆ ಬೇರೆ ಸಾಂದ್ರತೆಯ ದ್ರಾವಣ ಕೊಟ್ಟಿರುವುದಾಗಿ ಮಾತ್ರ ತಿಳಿಸಿ, ಬ್ಯೂರೆಟ್ ತೊಳೆಯಲು ಹೇಳಿದರು. ಮೂರು ಒಂದೇ ರೀಡಿಂಗ್ ಬರುವ ಹೊತ್ತಿಗೆ ಸಂಜೆಯಾಗಿ, ಮುಳಬಾಗಿಲಿನ ಆಚೆಯ ನಮ್ಮೂರಿಗೆ ಹೋಗುವ ಕೊನೆಯ ಬಸ್ಸು ತಪ್ಪಿತ್ತು.

ರಾತ್ರಿ ಅವರ ಮನೆಯಲ್ಲೇ ಮುದ್ದೆ, ಬಸ್ಸಾರು. ಊಟವಾದ ಮೇಲೆ ಅವರು ತಟ್ಟೆಯಲ್ಲಿ ಅರಿಶಿನದ ನೀರು ಮಾಡಿ, ಎಲೆಯಡಿಕೆಯ ಡಬ್ಬಿಯಿಂದ ಚೂರು ಸುಣ್ಣ ಬೆರೆಸಿದರು. ಆರತಿಯ ಕೆಂಪು ನೀರು ಸಿದ್ಧವಾಯಿತು. ಅದಕ್ಕೆ ನಿಂಬೆಹಣ್ಣು ಹಿಂಡಿದರು, ನೀರು ಮತ್ತೆ ಹಳದಿಯಾಯಿತು. “ನಿಮ್ಮಜ್ಜಿ ನನಗಿಂತ ಮೊದಲೇ ಸೂಚಕ ಬಳಸಿದವರು ಕಣಯ್ಯಾ” ಎಂದರು. ನಾಳೆಯ ಚಿತ್ರಾನ್ನಕ್ಕೆ ಇಟ್ಟಿದ್ದ ಹಣ್ಣು ಅದೊಂದೇ ಎಂದು ಅಮ್ಮನವರು ಒಳಗಿನಿಂದಲೇ ಗದರಿದರು.

ಈಗ ಪಿಯುಸಿ ಓದುತ್ತಿರುವ ನನ್ನ ತಂಗಿಯ ಮಗ ಮಿಥೈಲ್ ಆರೆಂಜಿನ ಪಿಎಚ್ ವ್ಯಾಪ್ತಿಯನ್ನು ನಿದ್ದೆಯಲ್ಲೂ ಹೇಳುತ್ತಾನೆ, ಆದರೆ ಆ ಬಣ್ಣ ತಿರುಗುವುದನ್ನು ಅವನು ನೋಡಿದ್ದು ಮೊಬೈಲಿನಲ್ಲಿ. ವರ್ಷವೆಲ್ಲ ನೀಟ್, ಸಿಇಟಿಯ ಪ್ರಶ್ನೆಗಳು. ಪ್ರಯೋಗಾಲಯದ ಬೀಗ ತೆಗೆಯುವುದು ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ. ಎಲ್ಲವೂ ನಮ್ಮ ಕಾಲದಲ್ಲೇ ಚೆನ್ನಾಗಿತ್ತೆನ್ನಲಾರೆ. ನಾವು ಪಿಪೆಟ್ಟನ್ನು ಬಾಯಿಂದಲೇ ಹೀರುತ್ತಿದ್ದೆವು, ನಾನು ಒಮ್ಮೆ ಕ್ಷಾರ ನುಂಗಿ ನಾಲಿಗೆ ಸುಟ್ಟುಕೊಂಡೆ. ಈಗಿನ ರಬ್ಬರ್ ಬಲ್ಬ್ ಎಷ್ಟೋ ವಾಸಿ.

ನಾನು 28 ವರ್ಷಗಳಿಂದ ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಸೂಚಕವೇ ಬೇಡದ, ಎಲೆಕ್ಟ್ರೋಡಿನಿಂದ ಅಂತಿಮ ಬಿಂದು ಹಿಡಿಯುವ ಯಂತ್ರಗಳಿವೆ. ಆದರೂ ಕಿರಿಯರೊಡನೆ ಪಂದ್ಯ ಕಟ್ಟಿ ಬ್ಯೂರೆಟ್ ಹಿಡಿಯುತ್ತೇನೆ. ಯಂತ್ರಕ್ಕೂ ನನ್ನ ಕಣ್ಣಿಗೂ ಒಂದು ಹನಿಗಿಂತ ಹೆಚ್ಚು ಅಂತರ ಬಂದದ್ದು ಅಪರೂಪವೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ರೆಕಾರ್ಡ್ ಪುಸ್ತಕದ ಆ ಪುಟದಲ್ಲಿ 10.2ರ ಮೇಲೆ ನಾನೇ ಎಳೆದ ಗೀಟಿದೆ. ಕೆಳಗೆ ಮೂರು ಸಲ 9.4, ಪಕ್ಕದಲ್ಲಿ ಮೇಷ್ಟ್ರ ಕೆಂಪು ಶಾಯಿಯ ಸಹಿ. ಅದರಡಿಯಲ್ಲಿ ಪುಟ್ಟ ಅಕ್ಷರಗಳಲ್ಲಿ, “ಬಸ್ಸು ತಪ್ಪಿದೆ, ಲೆಕ್ಕ ತಪ್ಪಿಲ್ಲ” ಎಂದು ಬರೆದಿದ್ದಾರೆ.